ತುಮರಿಯಲ್ಲಿ ಕ್ಯಾಂಪರ್ ವ್ಯಾನ್‌ಗೆ ರಾತ್ರಿ ಜಾಗ ಸಿಕ್ಕಿದ್ದು ಹೀಗೆ

ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿಗೆ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಒಯ್ಯುವುದು ಈಗ ಸುಲಭ. 2025ರ ಜುಲೈನಲ್ಲಿ ಸೇತುವೆ ಶುರುವಾಯ್ತು, ಲಾಂಚ್‌ಗೆ ಕಾಯಬೇಕಿಲ್ಲ. ಕಷ್ಟ ಇರುವುದು ರಾತ್ರಿ ತಂಗುವುದರಲ್ಲಿ. ಹಿನ್ನೀರಿನ ದಡದಲ್ಲಿ ನಿಲ್ಲಲು ಅರಣ್ಯ ಸಿಬ್ಬಂದಿ ಬಿಡಲಿಲ್ಲ. ಕಾಡುಪ್ರಾಣಿಗಳ ಜಾಗ, ಅವರು ಹೇಳಿದ್ದು ಸರಿಯೇ ಅಲ್ವಾ?

ಊರೊಳಗೆ ಒಂದು ಹೋಂಸ್ಟೇಯಲ್ಲಿ ಕೇಳಿದೆ. "ಅಂಗಳದಲ್ಲಿ ಅಡಿಕೆ ಹರವಿದೆ, ಕೊಟ್ಟಿಗೆ ಹಿಂದೆ ನಿಲ್ಲಿಸಿ ಮಾರಾಯ್ರೆ" ಅಂದರು. ನೆಲ ಇಳಿಜಾರು. ಮುಂದಿನ ಚಕ್ರದಡಿ ಹಲಗೆ ಕೊಟ್ಟೆ. ವ್ಯಾನಿನ ಒಲೆ ಮೇಲೆ ನೀರಿನ ತಟ್ಟೆ ಇಟ್ಟು ಮಟ್ಟ ನೋಡಿದೆ. ಕೊಟ್ಟಿಗೆಯ ಪ್ಲಗ್ಗಿನಿಂದ ಬ್ಯಾಟರಿ ಚಾರ್ಜ್ ಆಯ್ತು, ಶೌಚಾಲಯ ಅವರದ್ದೇ. ಪಾತ್ರೆ ತೊಳೆದ ನೀರನ್ನು ವ್ಯಾನಿನ ಟ್ಯಾಂಕಿನಲ್ಲೇ ಹಿಡಿದಿಟ್ಟೆ, ಹೊಳೆಗೆ ಖಂಡಿತ ಬಿಡಬೇಡಿ.

ಹೋಗುವ ಮೊದಲು ಫೋನ್ ಮಾಡಿ ವ್ಯಾನಿನ ಎತ್ತರ ಹೇಳಿಬಿಡಿ. ತೋಟದ ದಾರಿಯಲ್ಲಿ ಹಲಸಿನ ಕೊಂಬೆ ತಾಗುತ್ತದೆ.