ಪುಸ್ತಕ ಮುಚ್ಚಿ ಬರೆಯಿರಿ: ದೊಡ್ಡ ಪರೀಕ್ಷೆಗೆ ಕೆಮಿಸ್ಟ್ರಿ ರಿವಿಜನ್

ಹೈಸ್ಕೂಲಿನ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡಲು ಶುರು ಮಾಡಿ ನನಗೆ 16 ವರ್ಷ ಆಯಿತು. ರಾಷ್ಟ್ರಮಟ್ಟದ ಪರೀಕ್ಷೆ ಹತ್ತಿರ ಬಂದಾಗ ಪ್ರತಿ ವರ್ಷ ಒಂದೇ ಮಾತು ಕಿವಿಗೆ ಬೀಳುತ್ತದೆ. "ಟೀಚರ್, ಓದುವಾಗ ಎಲ್ಲಾ ಗೊತ್ತಿರುತ್ತೆ. ಪೇಪರ್ ಕೈಗೆ ಬಂದ ಮೇಲೆ ಏನೂ ಹೊಳೆಯಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಓದುವಾಗ ಉತ್ತರ ಕಣ್ಣೆದುರೇ ಇರುತ್ತದೆ, ನೋಡಿದ ತಕ್ಷಣ ಗುರುತು ಸಿಗುತ್ತದೆ. ಪರೀಕ್ಷೆಯಲ್ಲಿ ಅದೇ ಉತ್ತರವನ್ನು ಖಾಲಿ ಹಾಳೆಯ ಮೇಲೆ ತಲೆಯಿಂದ ಇಳಿಸಬೇಕು. ಇದು ಬೇರೆಯೇ ಕೆಲಸ, ಇದಕ್ಕೆ ಬೇರೆಯೇ ಅಭ್ಯಾಸ ಬೇಕು.

ಹಾಗಾಗಿ ನಾನು ಹೇಳುವ ಕ್ರಮ ಸರಳ. ಒಂದು ಪಾಠ ಒಂದು ಸಲ ಗಮನವಿಟ್ಟು ಓದಿ. ಪುಸ್ತಕ ಮುಚ್ಚಿ, ಕೈಗೆ ಸಿಗದಷ್ಟು ದೂರ ಇಡಿ. ಖಾಲಿ ಹಾಳೆ ತೆಗೆದುಕೊಂಡು 15 ನಿಮಿಷ, ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಸಮೀಕರಣ, ಚಿತ್ರ, ಅರ್ಧಂಬರ್ಧ ವಾಕ್ಯ, ಏನಾದರೂ ಸರಿ. ಮೊದಲ 5 ನಿಮಿಷಕ್ಕೇ ಖಾಲಿಯಾದಂತೆ ಅನ್ನಿಸುತ್ತದೆ. ಆಗ ಏಳಬೇಡಿ, ಕೂತಿರಿ. ಕಷ್ಟಪಟ್ಟು ನೆನಪಿಸಿಕೊಳ್ಳುವ ಆ ಹೊತ್ತಲ್ಲೇ ವಿಷಯ ತಲೆಯಲ್ಲಿ ಗಟ್ಟಿಯಾಗುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಕೆಂಪಿನಲ್ಲಿ ಇರುವುದಷ್ಟೇ ನೀವು ಇನ್ನೂ ಓದಬೇಕಾದದ್ದು. 2 ದಿನ ಬಿಟ್ಟು, ಒಂದು ವಾರ ಬಿಟ್ಟು, 3 ವಾರ ಬಿಟ್ಟು ಇದನ್ನೇ ಮತ್ತೆ ಮಾಡಿ. ಪ್ರತಿ ಸಲ ಕೆಂಪು ಕಡಿಮೆಯಾಗುವುದು ಕಾಣುತ್ತದೆ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಪರೀಕ್ಷೆಯ ಸಿಲಬಸ್ ಪ್ರಿಂಟ್ ತೆಗೆದು, ಒಂದೊಂದು ಸಾಲಿನ ಮುಂದೆಯೂ ಗುರುತು ಹಾಕಿ: ಬರುತ್ತದೆ, ಸುಮಾರು, ಬರುವುದಿಲ್ಲ. ಸುಮಾರು ಎಂದು ಹಾಕಿದವುಗಳಿಂದ ಶುರು ಮಾಡಿ. ಬರುವುದಿಲ್ಲ ಅನ್ನುವುದಕ್ಕೆ ಕೈಹಾಕಿದರೆ ಮೊದಲ ದಿನವೇ ಸೋತಂತೆ ಆಗುತ್ತದೆ. ಬರುವುದನ್ನೇ ಮತ್ತೆ ಮತ್ತೆ ಓದುವುದು ಖುಷಿ ಕೊಡುತ್ತದೆ, ಅಂಕ ಕೊಡುವುದಿಲ್ಲ.

ಮೋಲ್ ಮೊದಲು

ಪುಸ್ತಕದಲ್ಲಿ ಯಾವ ಅಧ್ಯಾಯ ಎಲ್ಲೇ ಇರಲಿ, ನನ್ನ ಮಕ್ಕಳಿಗೆ ರಿವಿಜನ್ ಶುರುವಾಗುವುದು ಮೋಲ್‌ನಿಂದ. ದ್ರಾವಣದ ಸಾರತೆ (ಅದರಲ್ಲಿ ವಸ್ತು ಎಷ್ಟು ಕರಗಿದೆ ಎನ್ನುವುದು), ಅದನ್ನು ಅಳೆಯುವ ಟೈಟ್ರೇಷನ್, ಅನಿಲಗಳ ಗಾತ್ರ, ವಿದ್ಯುದ್ವಿಭಜನೆಯ (ವಿದ್ಯುತ್ ಹರಿಸಿ ವಸ್ತುವನ್ನು ಒಡೆಯುವುದರ) ಲೆಕ್ಕ, ಎಲ್ಲಕ್ಕೂ ಬುನಾದಿ ಅದೇ. ಇಲ್ಲಿ ಅಲುಗಾಡಿದರೆ ಮುಂದೆ ಎಲ್ಲ ಕಡೆಯೂ ಅಂಕ ಸೋರುತ್ತದೆ.

ಡಜನ್ ಅಂದರೆ 12 ಇದ್ದಂತೆ, ಮೋಲ್ ಅಂದರೂ ಒಂದು ಎಣಿಕೆಯೇ. ಎಣಿಕೆ ಮಾತ್ರ ಬಹಳ ದೊಡ್ಡದು, 6.022 × 10²³. ಕಣಗಳನ್ನು ಕೂತು ಎಣಿಸಲು ಆಗುವುದಿಲ್ಲ, ತೂಕ ಮಾಡಲು ಆಗುತ್ತದೆ. ಅದಕ್ಕೇ ಗ್ರಾಂನಿಂದ ಮೋಲ್‌ಗೆ ಹೋಗುತ್ತೇವೆ, ಅನುಪಾತ ನೋಡುತ್ತೇವೆ, ಮತ್ತೆ ಗ್ರಾಂಗೆ ವಾಪಸ್ ಬರುತ್ತೇವೆ. ಹೆಚ್ಚಿನ ಲೆಕ್ಕಗಳ ದಾರಿ ಇಷ್ಟೇ.

ಒಂದು ಲೆಕ್ಕ ಪೂರ್ತಿ ಮಾಡೋಣ. 25 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಚೆನ್ನಾಗಿ ಕಾಯಿಸಿದರೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಒಂದೊಂದರ ಒಂದು ಮೋಲ್ ಎಷ್ಟು ಗ್ರಾಂ ನೋಡಿ: ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16, ಅದು ಮೂರಿದೆ, ಅಂದರೆ 48. ಒಟ್ಟು 100. ಹಾಗಾದರೆ 25 ಗ್ರಾಂ ಅಂದರೆ 0.25 ಮೋಲ್. ಸಮೀಕರಣದಲ್ಲಿ ಒಂದು ಮೋಲ್ ಕಾರ್ಬೊನೇಟ್‌ನಿಂದ ಒಂದು ಮೋಲ್ ಅನಿಲ. ಅದೂ 0.25 ಮೋಲ್. ಕಾರ್ಬನ್ ಡೈಆಕ್ಸೈಡಿನ ಒಂದು ಮೋಲ್ 44 ಗ್ರಾಂ, ಕಾಲು ಭಾಗ 11 ಗ್ರಾಂ. ಉತ್ತರ ಬಂತು. ಇಲ್ಲೇ ನಿಲ್ಲಿಸಬೇಡಿ. ಉಳಿದ ಕ್ಯಾಲ್ಸಿಯಂ ಆಕ್ಸೈಡನ್ನೂ ಲೆಕ್ಕ ಹಾಕಿ: 56ರ ಕಾಲು ಭಾಗ 14 ಗ್ರಾಂ. 11 ಮತ್ತು 14 ಕೂಡಿದರೆ 25. ಎಷ್ಟು ಹಾಕಿದಿರೋ ಅಷ್ಟೇ ಬಂದಿದೆ. ಈ ಕೂಡುವ ಕೆಲಸಕ್ಕೆ ಅರ್ಧ ನಿಮಿಷ ಸಾಕು, ಉತ್ತರ ಸರಿಯೋ ತಪ್ಪೋ ನಿಮಗೇ ಗೊತ್ತಾಗುತ್ತದೆ.

ಎರಡು ವಸ್ತುಗಳ ತೂಕ ಕೊಟ್ಟಿದ್ದರೆ ಎಚ್ಚರ. 4 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ಸೇರಿ ಎಷ್ಟು ನೀರು? ಸುಮ್ನೆ 20 ಎಂದು ಬರೆದವರು ಬಹಳ ಜನ. ಈ ಅನಿಲಗಳ ಅಣುವಿನಲ್ಲಿ ಎರಡೆರಡು ಪರಮಾಣು, ಹಾಗಾಗಿ ಒಂದು ಮೋಲ್ ಹೈಡ್ರೋಜನ್ 2 ಗ್ರಾಂ, ಆಕ್ಸಿಜನ್ 32 ಗ್ರಾಂ. ಹೈಡ್ರೋಜನ್ 2 ಮೋಲ್ ಇದೆ. ಆಕ್ಸಿಜನ್ ಅರ್ಧ ಮೋಲ್ ಮಾತ್ರ, ಅದಕ್ಕೆ ಬೇಕಾದ ಹೈಡ್ರೋಜನ್ ಒಂದೇ ಮೋಲ್. ಮೊದಲು ಮುಗಿಯುವುದು ಆಕ್ಸಿಜನ್. ನೀರು 1 ಮೋಲ್, ಅಂದರೆ 18 ಗ್ರಾಂ. 2 ಗ್ರಾಂ ಹೈಡ್ರೋಜನ್ ಹಾಗೇ ಉಳಿಯುತ್ತದೆ. ತೂಕ ಜಾಸ್ತಿ ಇದ್ದ ಆಕ್ಸಿಜನ್ನೇ ಮೊದಲು ಮುಗಿಯಿತು ನೋಡಿ. ಅದಕ್ಕೇ ಗ್ರಾಂ ನೋಡಿ ತೀರ್ಮಾನ ಮಾಡಬಾರದು, ಮೋಲ್ ಮಾಡಿ ನೋಡಬೇಕು.

ಅನಿಲದ ಗಾತ್ರದ ವಿಷಯದಲ್ಲಿ ಒಂದು ಸೂಚನೆ. 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಒಂದು ಮೋಲ್ ಅನಿಲ 22.4 ಲೀಟರ್. ಒತ್ತಡವನ್ನು 1 ಬಾರ್ ಎಂದು ತೆಗೆದುಕೊಂಡರೆ 22.7 ಲೀಟರ್. ಕೋಣೆಯ ಉಷ್ಣತೆಗೆ ಸುಮಾರು 24 ಲೀಟರ್ ಎಂದು ತೆಗೆದುಕೊಳ್ಳುತ್ತಾರೆ. ನಿಮ್ಮ ಪೇಪರಿನಲ್ಲಿ ಯಾವುದನ್ನು ಕೊಡುತ್ತಾರೆ ಎಂದು ಹಳೆಯ ಪ್ರಶ್ನೆಪತ್ರಿಕೆ ನೋಡಿ ಈಗಲೇ ಖಚಿತ ಮಾಡಿಕೊಳ್ಳಿ.

ಕಾರಣ ಕೇಳುವ ಪ್ರಶ್ನೆಗಳು

ಆವರ್ತ ಕೋಷ್ಟಕವನ್ನು ಮಕ್ಕಳು ಬಾಣದ ಗುರುತು ಹಾಕಿಕೊಂಡು ಬಾಯಿಪಾಠ ಮಾಡುತ್ತಾರೆ. ಪರಮಾಣುವಿನ ಗಾತ್ರ ಎಡದಿಂದ ಬಲಕ್ಕೆ ಕಡಿಮೆ, ಮೇಲಿಂದ ಕೆಳಗೆ ಜಾಸ್ತಿ, ಹೀಗೆ. ಪರೀಕ್ಷೆಯಲ್ಲಿ ಕೇಳುವುದು "ಯಾಕೆ" ಎಂದು. ಅದಕ್ಕೆ ಮೂರೇ ಮಾತು ನೆನಪಿಟ್ಟುಕೊಳ್ಳಿ: ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್ ಎಷ್ಟು, ಕವಚ ಎಷ್ಟು, ಒಳಗಿನ ಎಲೆಕ್ಟ್ರಾನುಗಳು ಎಷ್ಟು ಅಡ್ಡ ನಿಂತಿವೆ. ಸೋಡಿಯಂನಿಂದ ಕ್ಲೋರಿನ್‌ವರೆಗೆ ಕವಚ ಮೂರೇ, ಪ್ರೋಟಾನ್ ಮಾತ್ರ 11ರಿಂದ 17ಕ್ಕೆ ಏರುತ್ತದೆ. ಎಳೆತ ಜಾಸ್ತಿಯಾಯಿತು, ಪರಮಾಣು ಚಿಕ್ಕದಾಯಿತು.

ಇದೇ ಮೂರು ಮಾತಲ್ಲಿ ಇನ್ನೂ ಎರಡು ಪ್ರಶ್ನೆ ಮುಗಿಯುತ್ತವೆ. ಪೊಟ್ಯಾಸಿಯಂ ನೀರಿನ ಜೊತೆ ಸೋಡಿಯಂಗಿಂತ ಜೋರಾಗಿ ವರ್ತಿಸುತ್ತದೆ, ಏಕೆಂದರೆ ಅದರ ಹೊರಗಿನ ಎಲೆಕ್ಟ್ರಾನ್ ದೂರದಲ್ಲಿದೆ, ಬಿಟ್ಟುಕೊಡುವುದು ಸುಲಭ. ಹ್ಯಾಲೋಜನ್‌ಗಳಲ್ಲಿ ಆಟ ತಿರುಗುತ್ತದೆ. ಕ್ಲೋರಿನ್, ಬ್ರೋಮಿನ್ ಇರುವ ಈ ಗುಂಪು ಎಲೆಕ್ಟ್ರಾನ್ ತೆಗೆದುಕೊಳ್ಳಬೇಕು, ದೂರವಾದಷ್ಟೂ ಹಿಡಿತ ಕಡಿಮೆ. ಅದಕ್ಕೇ ಪೊಟ್ಯಾಸಿಯಂ ಬ್ರೋಮೈಡಿನಿಂದ ಬ್ರೋಮಿನನ್ನು ಕ್ಲೋರಿನ್ ಹೊರಹಾಕುತ್ತದೆ. ಕಾರಣ ಒಂದೇ, ಎರಡು ಗುಂಪಿನಲ್ಲಿ ಪರಿಣಾಮ ಉಲ್ಟಾ. ಇದು ಅರ್ಥವಾದ ದಿನ ಮಕ್ಕಳ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬಂಧಗಳ ಪಾಠದಲ್ಲಿ ಎರಡು ತಪ್ಪು ಪ್ರತಿ ವರ್ಷ ಕಾಣುತ್ತವೆ. ಕರಗಿದ ಸೋಡಿಯಂ ಕ್ಲೋರೈಡ್ ವಿದ್ಯುತ್ ಹರಿಸಲು ಕಾರಣ "ಎಲೆಕ್ಟ್ರಾನುಗಳು ಓಡಾಡುತ್ತವೆ" ಎಂದು ಬರೆಯುತ್ತಾರೆ. ಅಲ್ಲಿ ಓಡಾಡುವುದು ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು. ಗಟ್ಟಿ ಸ್ಥಿತಿಯಲ್ಲೂ ಅಯಾನುಗಳಿವೆ, ಅವು ಕೂತ ಜಾಗ ಬಿಟ್ಟು ಅಲುಗಾಡುವುದಿಲ್ಲ. ಇನ್ನೊಂದು, ಐಸ್ ಕರಗುವಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ನಡುವಿನ ಬಂಧ ಮುರಿಯುತ್ತದೆ ಎನ್ನುವುದು. ಸಡಿಲವಾಗುವುದು ಅಣು ಅಣುಗಳ ನಡುವಿನ ಸೆಳೆತ. ಬಂಧ ಮುರಿದಿದ್ದರೆ ಐಸ್ ಕರಗಿ ನೀರಾಗುವುದು ಹೇಗೆ, ಅಲ್ವಾ?

ವಿದ್ಯುದ್ವಿಭಜನೆಯಲ್ಲಿ ಧನ, ಋಣ ಎಂದು ಚಿಹ್ನೆ ಬಾಯಿಪಾಠ ಮಾಡಬೇಡಿ. ವಿದ್ಯುದ್ವಿಭಜನೆಯಲ್ಲಿ ಕ್ಯಾಥೋಡ್ ಎಂಬ ವಿದ್ಯುದ್ವಾರ ಋಣ. ವಿದ್ಯುತ್ ಉತ್ಪಾದಿಸುವ ಕೋಶದಲ್ಲಿ ಅದೇ ಕ್ಯಾಥೋಡ್ ಧನ. ಎರಡು ಕಡೆಯೂ ಬದಲಾಗದೇ ಇರುವುದು ಒಂದೇ: ಕ್ಯಾಥೋಡಿನಲ್ಲಿ ಅಪಕರ್ಷಣೆ, ಅಂದರೆ ಎಲೆಕ್ಟ್ರಾನ್ ಪಡೆಯುವುದು. ಅದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ.

ಪಿಎಚ್, ಅಂದರೆ ದ್ರಾವಣ ಎಷ್ಟು ಆಮ್ಲೀಯ ಎಂದು ಹೇಳುವ ಅಳತೆ, ಅದರ ಬಗ್ಗೆ ಒಂದೇ ಮಾತು. ಒಂದು ಮೆಟ್ಟಿಲು ಅಂದರೆ 10 ಪಟ್ಟು. ಪಿಎಚ್ 3 ಇರುವ ದ್ರಾವಣದಲ್ಲಿ ಹೈಡ್ರೋಜನ್ ಅಯಾನುಗಳ ಸಾರತೆ ಪಿಎಚ್ 5ರದ್ದಕ್ಕಿಂತ 100 ಪಟ್ಟು.

ಸಮತೋಲನದ (ಕ್ರಿಯೆ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುವ ಸ್ಥಿತಿಯ) ಪಾಠಕ್ಕೆ ಅಮೋನಿಯಾ ತಯಾರಿಕೆ ಒಂದನ್ನೇ ಚೆನ್ನಾಗಿ ಕಲಿತರೆ ಸಾಕು. ಸಮೀಕರಣದ ಎಡಕ್ಕೆ ನೈಟ್ರೋಜನ್ 1, ಹೈಡ್ರೋಜನ್ 3, ಒಟ್ಟು 4 ಮೋಲ್ ಅನಿಲ, ಬಲಕ್ಕೆ ಅಮೋನಿಯಾ 2. ಒತ್ತಡ ಹೆಚ್ಚಿಸಿದರೆ ಅಮೋನಿಯಾ ಜಾಸ್ತಿ. ಮುಂದಕ್ಕೆ ಹೋಗುವ ಕ್ರಿಯೆ ಶಾಖ ಬಿಡುತ್ತದೆ, ಹಾಗಾಗಿ ಉಷ್ಣತೆ ಏರಿಸಿದರೆ ಅಮೋನಿಯಾ ಕಡಿಮೆ. ಆದರೂ ಕಾರ್ಖಾನೆಯಲ್ಲಿ ಸುಮಾರು 450 ಡಿಗ್ರಿ ಇಡುತ್ತಾರೆ. ತಣ್ಣಗಿದ್ದರೆ ಕ್ರಿಯೆ ಬಹಳ ನಿಧಾನ. ಕಬ್ಬಿಣದ ಕ್ರಿಯಾವರ್ಧಕ ವೇಗ ಹೆಚ್ಚಿಸುತ್ತದೆ, ಸಮತೋಲನದ ಜಾಗ ಸರಿಸುವುದಿಲ್ಲ. ಕೊನೆಯ ಈ ವಾಕ್ಯಕ್ಕೆ ಅಂತಲೇ ಎಷ್ಟೋ ಪ್ರಶ್ನೆ ಇಡುತ್ತಾರೆ.

ಕಂಡದ್ದನ್ನು ಸರಿಯಾಗಿ ಬರೆಯುವುದು

ಪ್ರಯೋಗದ ಪ್ರಶ್ನೆಗಳಲ್ಲಿ ವಿಷಯ ಗೊತ್ತಿದ್ದೂ ಮಾತು ತಪ್ಪಿ ಅಂಕ ಹೋಗುತ್ತದೆ. ಬ್ರೋಮಿನ್ ನೀರಿಗೆ ಈಥೀನ್ ಹಾಯಿಸಿದರೆ "ತಿಳಿಯಾಗುತ್ತದೆ" ಎಂದು ಬರೆಯುತ್ತಾರೆ. ತಿಳಿ ಬೇರೆ, ಬಣ್ಣವಿಲ್ಲದ್ದು ಬೇರೆ. ಕಾಪರ್ ಸಲ್ಫೇಟ್ ದ್ರಾವಣ ತಿಳಿಯಾಗಿಯೇ ಇರುತ್ತದೆ, ಆದರೆ ನೀಲಿ. ಹಾಗಾಗಿ "ಬಣ್ಣ ಹೋಯಿತು" ಎಂದೇ ಬರೆಯಿರಿ. ಮೊದಲು ಯಾವ ಬಣ್ಣ ಇತ್ತು, ಆಮೇಲೆ ಏನಾಯಿತು, ಎರಡೂ ಇರಬೇಕು. ಕಬ್ಬಿಣದ ಮೊಳೆಯನ್ನು ಕಾಪರ್ ಸಲ್ಫೇಟಿನಲ್ಲಿ ಇಟ್ಟರೆ ನೀಲಿ ಬಣ್ಣ ಮಾಸುತ್ತಾ ತಿಳಿ ಹಸಿರಾಗುತ್ತದೆ, ಮೊಳೆಯ ಮೇಲೆ ಕೆಂಪು ಕಂದು ಪದರ ಕೂರುತ್ತದೆ. ಇಷ್ಟು ಬರೆದರೆ ಯಾರೂ ಅಂಕ ಕಡಿಯಲಾರರು.

ಬಣ್ಣಗಳಿಗೆ ಚಿಕ್ಕ ಕಾರ್ಡ್ ಮಾಡಿಕೊಳ್ಳಿ. ಒಂದು ಕಡೆ "ಸಿಲ್ವರ್ ಅಯೋಡೈಡ್", ಹಿಂದೆ "ಹಳದಿ". ಕ್ಲೋರೈಡ್ ಬಿಳಿ, ಬ್ರೋಮೈಡ್ ಕೆನೆ ಬಣ್ಣ. ಕಬ್ಬಿಣದ ಎರಡು ಹೈಡ್ರಾಕ್ಸೈಡ್‌ಗಳನ್ನು ಒಂದೇ ಕಾರ್ಡಿನಲ್ಲಿ ಇಡಿ: ಕಬ್ಬಿಣ +2 ಆದರೆ ಹಸಿರು, +3 ಆದರೆ ಕೆಂಪು ಕಂದು. ಜ್ವಾಲೆಯಲ್ಲಿ ಸೋಡಿಯಂ ಹಳದಿ, ಪೊಟ್ಯಾಸಿಯಂ ತಿಳಿ ನೇರಳೆ. ದಿನಾ 10 ನಿಮಿಷ, ಬಸ್ಸಿಗೆ ಕಾಯುವಾಗಲೂ ಆಗುತ್ತದೆ. ಬಾಯಿಪಾಠ ಬೇಕಾದ ಭಾಗ ಇದು, ಇದರಲ್ಲಿ ಹಿಂಜರಿಕೆ ಬೇಡ.

ಸಾವಯವ ರಸಾಯನಕ್ಕೆ ಒಂದು ದೊಡ್ಡ ಹಾಳೆ ಸಾಕು. ನಡುವೆ ಎಥನಾಲ್ ಬರೆಯಿರಿ. ಈಥೀನಿಗೆ ಉಗಿ ಸೇರಿದರೆ ಎಥನಾಲ್. ಎಥನಾಲ್‌ನಿಂದ ನೀರು ತೆಗೆದರೆ ವಾಪಸ್ ಈಥೀನ್. ಆಮ್ಲ ಹಾಕಿದ ಪೊಟ್ಯಾಸಿಯಂ ಡೈಕ್ರೋಮೇಟ್ ಜೊತೆ ಕಾಯಿಸಿದರೆ ಎಥನಾಯಿಕ್ ಆಮ್ಲ, ಕಿತ್ತಳೆ ಬಣ್ಣ ಹಸಿರಾಗುತ್ತದೆ. ಆ ಆಮ್ಲಕ್ಕೆ ಮತ್ತೆ ಎಥನಾಲ್ ಸೇರಿದರೆ ಎಸ್ಟರ್. ಬಾಣಗಳ ಮೇಲೆ ಏನು ಹಾಕಬೇಕು ಎಂದು ಬರೆದು, ಮರುದಿನ ನೋಡದೆ ಅದೇ ಚಿತ್ರ ಬರೆಯಿರಿ. ಐಸೋಮರ್ (ಅಣುಸೂತ್ರ ಒಂದೇ, ಜೋಡಣೆ ಬೇರೆ ಇರುವ ವಸ್ತು) ಬರೆಯುವಾಗ ಪ್ರತಿಯೊಂದಕ್ಕೂ ಹೆಸರು ಕೊಡಿ. ಪೆಂಟೇನಿಗೆ ಮೂರೇ ಐಸೋಮರ್. ನಿಮಗೆ ಐದು ಸಿಕ್ಕಿದ್ದರೆ ಹೆಸರು ಇಟ್ಟು ನೋಡಿ, ಸರಪಳಿ ಬಗ್ಗಿಸಿ ಬರೆದ ಕಾರಣಕ್ಕೆ ಒಂದೇ ವಸ್ತು ಎರಡು ಸಲ ಬಂದಿರುತ್ತದೆ.

ತಪ್ಪುಗಳ ನೋಟ್‌ಬುಕ್

ಕೆಲವು ವರ್ಷದ ಹಿಂದೆ ಒಬ್ಬಳು ಹುಡುಗಿ ಇದ್ದಳು. ದಿನಕ್ಕೆ ಹತ್ತಾರು ಲೆಕ್ಕ ಮಾಡುತ್ತಿದ್ದಳು, ಅಂಕ ಮಾತ್ರ ಏರುತ್ತಿರಲಿಲ್ಲ. "ನನಗೆ ಕೆಮಿಸ್ಟ್ರಿ ಬರಲ್ಲ ಟೀಚರ್" ಎಂದು ಅತ್ತೇಬಿಟ್ಟಳು. ಇಬ್ಬರೂ ಕೂತು ಅವಳ ಮೂರು ಹಳೆಯ ಉತ್ತರಪತ್ರಿಕೆ ಹರಡಿಕೊಂಡೆವು. ತಪ್ಪುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ, ಅರ್ಧಕ್ಕಿಂತ ಜಾಸ್ತಿ ತಪ್ಪು ಒಂದೇ ಹೆಜ್ಜೆಯಲ್ಲಿ: ಸಮೀಕರಣದ ಅನುಪಾತ. 0.1 ಮೋಲಾರ್ (ಲೀಟರಿಗೆ 0.1 ಮೋಲ್) ಸೋಡಿಯಂ ಹೈಡ್ರಾಕ್ಸೈಡ್ 25 ಮಿಲಿ ಲೀಟರ್, ಅಂದರೆ 0.0025 ಮೋಲ್. ಅಲ್ಲಿವರೆಗೆ ಸರಿ. ಸಲ್ಫ್ಯೂರಿಕ್ ಆಮ್ಲ ಅದರ ಅರ್ಧ ಸಾಕು, 0.00125. ಆ ಅರ್ಧವನ್ನೇ ಅವಳು ಪ್ರತಿ ಸಲ ಮರೆಯುತ್ತಿದ್ದಳು. ಅವಳಿಗೆ ಕೆಮಿಸ್ಟ್ರಿ ಬರುತ್ತಿತ್ತು, ಒಂದು ಗೆರೆ ಬರುತ್ತಿರಲಿಲ್ಲ. ಅಂದಿನಿಂದ ಲೆಕ್ಕ ಶುರು ಮಾಡುವ ಮೊದಲೇ ಅನುಪಾತವನ್ನು ಬರೆದು ಸುತ್ತ ಗೆರೆ ಎಳೆಯುವ ಅಭ್ಯಾಸ ಮಾಡಿದಳು. ಎರಡು ವಾರದಲ್ಲಿ ಆ ತಪ್ಪು ನಿಂತಿತು.

ನೀವೂ ಒಂದು ನೋಟ್‌ಬುಕ್ ಇಡಿ. ಏನು ಬರೆದೆ, ಏನು ಬರೆಯಬೇಕಿತ್ತು, ಯಾಕೆ ತಪ್ಪಿತು. "ಗಡಿಬಿಡಿ" ಎಂದು ಕಾರಣ ಬರೆಯಬೇಡಿ. ಮಿಲಿ ಲೀಟರನ್ನು 1000ದಿಂದ ಭಾಗಿಸಲಿಲ್ಲ, ಪ್ರಶ್ನೆಯ ಕೊನೆಯ ಸಾಲು ಓದಲಿಲ್ಲ, ಹೀಗೆ ಬಿಡಿಸಿ ಬರೆದರೆ ಮಾತ್ರ ಸರಿಪಡಿಸಲು ಆಗುತ್ತದೆ.

ಕೊನೆಯ 3 ವಾರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪೂರ್ತಿ ಸಮಯ ಇಟ್ಟುಕೊಂಡು ಬರೆಯಿರಿ. ಫೋನ್ ಬೇರೆ ಕೋಣೆಯಲ್ಲಿರಲಿ. ಬರೆದ ಮೇಲೆ ತಿದ್ದಲು ಅಷ್ಟೇ ಹೊತ್ತು ಕೊಡಿ. ತಿದ್ದದೆ ಐದು ಪೇಪರ್ ಬರೆಯುವುದಕ್ಕಿಂತ ತಿದ್ದಿ ಎರಡು ಬರೆಯುವುದು ಮೇಲು. ಅಂಕ ಹಂಚುವ ಉತ್ತರಸೂಚಿ ಸಿಕ್ಕರೆ ಬಿಡಬೇಡಿ, ಯಾವ ಪದಕ್ಕೆ ಅಂಕ ಕೊಡುತ್ತಾರೆ ಎನ್ನುವುದು ಅದರಲ್ಲೇ ಕಾಣುತ್ತದೆ.

ಹಿಂದಿನ ರಾತ್ರಿ ಹೊಸ ಪಾಠ ತೆರೆಯಬೇಡಿ. ತಪ್ಪುಗಳ ನೋಟ್‌ಬುಕ್ ಒಂದು ಸಲ, ಬಣ್ಣದ ಕಾರ್ಡ್ ಒಂದು ಸಲ, ಆಮೇಲೆ ನಿದ್ದೆ. ಪರೀಕ್ಷೆಯಲ್ಲಿ ಕೊನೆಯ 10 ನಿಮಿಷ ಉಳಿಸಿಕೊಳ್ಳಿ. ಮೊದಲು ಸಮೀಕರಣಗಳು ಸರಿದೂಗಿವೆಯೇ ಎಂದು ಎಣಿಸಿ, ಆಮೇಲೆ ಪ್ರತಿ ಲೆಕ್ಕದ ಉತ್ತರದ ಮುಂದೆ ಗ್ರಾಂ, ಮೋಲ್, ಲೀಟರ್ ಬರೆದಿದೆಯೇ ನೋಡಿ. ಇನ್ನೂ ಹೊತ್ತಿದ್ದರೆ ಎರಡೂ ಕಡೆಯ ಗ್ರಾಂ ಕೂಡಿ ನೋಡಿ.