ತುರ್ತು ದಾಸ್ತಾನಿಗೆ ಬೀಗ ಹಾಕಬಾರದು

ಮಲೆನಾಡಿನ ಒಂದು ಜಿಲ್ಲೆಯ ಔಷಧ ಉಗ್ರಾಣದಲ್ಲಿ ಫಾರ್ಮಸಿ ಅಧಿಕಾರಿಯಾಗಿ ಹಲವು ಮಳೆಗಾಲ ಕಳೆದಿದ್ದೇನೆ. ಸರ್ಕಾರ ತುರ್ತಿಗೆಂದು ಔಷಧ ಕೂಡಿಡುತ್ತದೆ ಅಂದ ತಕ್ಷಣ ಜನರ ಕಣ್ಣಿಗೆ ಬರುವುದು ಒಂದು ದೊಡ್ಡ ಕೋಣೆ, ಅದಕ್ಕೊಂದು ಬೀಗ. ನಾನು ಚಾರ್ಜ್ ತೆಗೆದುಕೊಂಡಾಗ ನಮ್ಮಲ್ಲೂ ಹಾಗೇ ಇತ್ತು. ಒಂದು ಮೂಲೆಯಲ್ಲಿ ‘ಪ್ರವಾಹ’ ಎಂದು ಚೀಟಿ ಅಂಟಿಸಿದ ರ‍್ಯಾಕುಗಳು, ಇನ್ನೊಂದು ಕಡೆ ದಿನಬಳಕೆಯ ಸ್ಟಾಕು. ಆ ರ‍್ಯಾಕುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೊರಗಡೆ ಹೊಸ ಬ್ಯಾಚಿನ ಡಾಕ್ಸಿಸೈಕ್ಲಿನ್ ಖರ್ಚಾಗುತ್ತಿತ್ತು, ಒಳಗಡೆ ಇಲಿಜ್ವರಕ್ಕೆಂದು ಇಟ್ಟ ಹಳೇ ಡಾಕ್ಸಿಸೈಕ್ಲಿನ್ ಎಕ್ಸ್‌ಪೈರಿಗೆ ಹತ್ತಿರವಾಗುತ್ತಿತ್ತು.

ಎರಡನ್ನೂ ಒಂದು ಮಾಡಿದೆ. ಪ್ರತಿ ಔಷಧದ ಬಿನ್ ಕಾರ್ಡಿನಲ್ಲಿ (ಸ್ಟಾಕು ಬಂದದ್ದು, ಹೋದದ್ದು ಬರೆದಿಡುವ ಚೀಟಿ) ಕೆಂಪು ಶಾಯಿಯಲ್ಲಿ ಒಂದು ಸಂಖ್ಯೆ ಬರೆದೆವು. ತುರ್ತು ಪರಿಸ್ಥಿತಿ ಇಲ್ಲದೆ ಸ್ಟಾಕು ಅದಕ್ಕಿಂತ ಕೆಳಗೆ ಇಳಿಯಕೂಡದು. ಉಳಿದಂತೆ, ಯಾವ ಬ್ಯಾಚಿನ ಅವಧಿ ಮೊದಲು ಮುಗಿಯುತ್ತದೋ ಅದು ಮೊದಲು ಹೊರಗೆ, ಹೊಸದಾಗಿ ಬಂದದ್ದು ಹಿಂದಿನ ಸಾಲಿಗೆ. ಹೀಗೆ ಮಾಡಿದರೆ ತುರ್ತಿನ ಪ್ರಮಾಣ ಯಾವಾಗಲೂ ಉಗ್ರಾಣದಲ್ಲೇ ಇರುತ್ತದೆ, ಪೆಟ್ಟಿಗೆಗಳು ಮಾತ್ರ ಬದಲಾಗುತ್ತಿರುತ್ತವೆ. ಮಳೆ ಜೋರಾದ ಮೇಲೆ ಖರೀದಿಸೋಣ ಎಂದರೆ ಆಗದ ಮಾತು. ಗುಣಮಟ್ಟದ ಲ್ಯಾಬ್ ವರದಿ ಬರುವವರೆಗೆ ಹೊಸ ಬ್ಯಾಚನ್ನು ಬಿಡುವ ಹಾಗಿಲ್ಲ.

ಹಾವು ಕಡಿತದ ಔಷಧದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬರುವ ಪ್ರತಿವಿಷ, ಅಂದರೆ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಕಾಫಿ ತೋಟದಲ್ಲಿ ಸಿಗುವ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ. ವಯಲ್, ಅಂದರೆ ಔಷಧದ ಪುಟ್ಟ ಸೀಸೆಯ ಒಳಗೆ ಬಿಳಿ ಪುಡಿ ಇರುತ್ತದೆ. ಜೊತೆಗೆ ಬರುವ ನೀರು ಹಾಕಿ ಅಂಗೈಯಲ್ಲಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆ ಬರುತ್ತದೆ. ವಿಷ ಏರಿದ ರೋಗಿಗೆ ಮೊದಲ ಸಲಕ್ಕೇ ಎಂಟರಿಂದ ಹತ್ತು ವಯಲ್ ಬೇಕು. ರಕ್ತ ಹೆಪ್ಪುಗಟ್ಟದಿದ್ದರೆ ಆರು ಗಂಟೆ ಬಿಟ್ಟು ಮತ್ತೆ ಅಷ್ಟೇ. ಹಾಗಿರುವಾಗ ಐದು ವಯಲ್ ಇಟ್ಟುಕೊಂಡ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕಾಗದದ ಮೇಲೆ ‘ಸ್ಟಾಕ್ ಇದೆ’ ಎಂದು ತೋರಿಸುತ್ತದೆ, ಬಂದ ರೋಗಿಗೆ ಸಾಲುವುದಿಲ್ಲ. ನಾನು ವಯಲ್ ಲೆಕ್ಕ ಬಿಟ್ಟು ರೋಗಿಗಳ ಲೆಕ್ಕ ಹಿಡಿದೆ: ಈ ಪಿಎಚ್‌ಸಿಗೆ ಇಬ್ಬರು ರೋಗಿಗಳ ಔಷಧ, ತಾಲ್ಲೂಕು ಆಸ್ಪತ್ರೆಗೆ ಇಷ್ಟು ಜನರದು.

ರೋಗಿಗಳ ಲೆಕ್ಕ ಹಿಡಿದಾಗ ಬಿಟ್ಟುಹೋದ ವಸ್ತುಗಳೂ ಕಾಣತೊಡಗಿದವು. ಎಎಸ್‌ವಿ ಕೊಟ್ಟಾಗ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ, ಪಕ್ಕದಲ್ಲಿ ಅಡ್ರಿನಲಿನ್ ಇರಲೇಬೇಕು. ಅಡ್ರಿನಲಿನ್ ಬೆಳಕಿಗೆ ಕೆಡುತ್ತದೆ, ಆಂಪೂಲ್ ಕಂದು ತಿರುಗಿದರೆ ಎಸೆಯಬೇಕು. ನಾಗರಹಾವಿನ ಕಡಿತಕ್ಕೆ ನಿಯೋಸ್ಟಿಗ್ಮಿನ್, ಅದರ ಜೊತೆ ಅಟ್ರೋಪಿನ್. ಇನ್ನೊಂದು, ಗಾಜಿನ ಟೆಸ್ಟ್ ಟ್ಯೂಬ್. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಲು ಸ್ವಲ್ಪ ರಕ್ತವನ್ನು ಒಣ ಗಾಜಿನ ಟ್ಯೂಬಿನಲ್ಲಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡಿ ನೋಡುತ್ತಾರೆ. ಪ್ಲಾಸ್ಟಿಕ್ ಆಗುವುದಿಲ್ಲ, ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬೂ ಆಗುವುದಿಲ್ಲ. ಎರಡೂ ಸುಳ್ಳು ಫಲಿತಾಂಶ ಕೊಡುತ್ತವೆ. ತೀರಾ ಅಗ್ಗದ ಈ ಟ್ಯೂಬು ಔಷಧಗಳ ಇಂಡೆಂಟಿನಲ್ಲಿ (ಬೇಡಿಕೆ ಪಟ್ಟಿಯಲ್ಲಿ) ಬರುತ್ತಿರಲಿಲ್ಲ. ಈಗ ಎಎಸ್‌ವಿ ಪೆಟ್ಟಿಗೆಯ ಜೊತೆ ಹೊಸ ಟ್ಯೂಬುಗಳ ಒಂದು ಪೊಟ್ಟಣ ಕಟ್ಟಿಯೇ ಕಳಿಸುತ್ತೇವೆ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದ್ದು ನಮ್ಮಂಥವರಿಗೆ ಬಹಳ ಉಪಕಾರವಾಯಿತು. ಖಾಸಗಿ ಆಸ್ಪತ್ರೆಗಳ ಸಂಖ್ಯೆಯೂ ಸೇರಿದರೆ ಯಾವ ಹೋಬಳಿಗೆ ಎಷ್ಟು ಬೇಕು ಎಂಬ ಅಂದಾಜು ಗಟ್ಟಿಯಾಗುತ್ತದೆ.

ದೂರದ ಪಿಎಚ್‌ಸಿಗಳಲ್ಲಿ ಔಷಧ ಖರ್ಚಾಗುವುದು ಕಡಿಮೆ, ಅವಧಿ ಮುಗಿಯುವುದು ಹೆಚ್ಚು. ಅದಕ್ಕಾಗಿ ಅಲ್ಲಿಗೆ ಹೊಸ ಬ್ಯಾಚೇ ಹೋಗುತ್ತದೆ. ಎಕ್ಸ್‌ಪೈರಿಗೆ ಇನ್ನೂ ಕೆಲವು ತಿಂಗಳಿದೆ ಎನ್ನುವಾಗ ಅದನ್ನು ವಾಪಸ್ ತರಿಸಿ, ದಿನವೂ ಹಾವು ಕಡಿತದವರು ಬರುವ ದೊಡ್ಡ ಆಸ್ಪತ್ರೆಗೆ ಕೊಡುತ್ತೇವೆ. ಕಾಗದಪತ್ರದ ಕೆಲಸ ಜಾಸ್ತಿ, ಆದರೆ ಒಂದು ವಯಲ್ಲೂ ಹಾಳಾಗಬಾರದು ಎಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಬ್ಲೀಚಿಂಗ್ ಪೌಡರಿನ ಸ್ವಭಾವವೇ ಬೇರೆ. ಹೊಸ ಚೀಲದಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಮಲೆನಾಡಿನ ಥಂಡಿ ಗಾಳಿಗೆ ಚೀಲ ಬಿಚ್ಚಿಟ್ಟರೆ ಪುಡಿ ಗಂಟುಗಟ್ಟುತ್ತದೆ, ಮೂಗಿಗೆ ಹೊಡೆಯುವ ಘಾಟು ಇಳಿಯುತ್ತದೆ, ಆಮೇಲೆ ಬಾವಿಗೆ ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಹಿಂದಿನ ವರ್ಷದ ಚೀಲಗಳನ್ನು ನಂಬಿ ಕೂರದೆ ಮೇ ತಿಂಗಳಲ್ಲಿ ಹೊಸದು ಬರುವಂತೆ ಇಂಡೆಂಟ್ ಹಾಕುತ್ತೇನೆ, ಮರದ ಹಲಗೆಯ ಮೇಲೆ, ಔಷಧಗಳಿಂದ ದೂರ, ಬೇರೆ ಶೆಡ್ಡಿನಲ್ಲಿ ಇಡಿಸುತ್ತೇನೆ. ಮನೆಗಳಿಗೆ ಹಂಚಲು ಕ್ಲೋರಿನ್ ಮಾತ್ರೆಯೇ ಅನುಕೂಲ. ಅರ್ಧ ಗ್ರಾಮಿನ ಒಂದು ಮಾತ್ರೆ 20 ಲೀಟರ್ ನೀರಿಗೆ ಸಾಕು.

ಮಳೆಗಾಲದ ಸ್ಟಾಕು ಇಳಿದ ಮೇಲೆ ಮಂಗನ ಕಾಯಿಲೆಯ ಸರದಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣೆ ಕಚ್ಚಿ ಹರಡುವ ಈ ರೋಗಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಹಳೆಯ ಲಸಿಕೆಯೂ ನಿಂತಿದೆ. ಹಾಗಾಗಿ ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆಯೇ ದೊಡ್ಡ ಆಸರೆ. ಡೀಪಾವನ್ನು ಕಂಡುಹಿಡಿದದ್ದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ. ಸೈನಿಕರಿಗೆ ಸೊಳ್ಳೆ, ಉಣ್ಣೆ ಕಚ್ಚದಿರಲೆಂದು ರಕ್ಷಣಾ ಇಲಾಖೆ ಮಾಡಿದ ಕೆಲಸ ತರಗೆಲೆ ಗುಡಿಸುವ ನಮ್ಮ ಹೆಣ್ಣುಮಕ್ಕಳಿಗೂ ಒದಗಿದೆ. ನವೆಂಬರ್‌ಗೆ ಮುಂಚೆ ಬಾಟಲಿಗಳು ಆಶಾ ಕಾರ್ಯಕರ್ತೆಯರ ಕೈಯಲ್ಲಿರಬೇಕು. ಮಂಗ ಸತ್ತ ಸುದ್ದಿ ಬಂದ ಮೇಲೆ ಕಳಿಸಿದರೆ ತಡವಾಯಿತು ಅಂತಲೇ ಅರ್ಥ.

ದೇಶದ ತುರ್ತಿಗೆಂದು ಉಡುಪಿ ಹತ್ತಿರದ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಇಡುವಷ್ಟು ಗುಹೆಗಳಿವೆ. ತೈಲ ವರ್ಷಗಟ್ಟಲೆ ಕಾಯುತ್ತದೆ, ಔಷಧ ಕಾಯುವುದಿಲ್ಲ. ಅಮೆರಿಕದಲ್ಲಿ 1986ರಿಂದ ರಕ್ಷಣಾ ಇಲಾಖೆಯ ದಾಸ್ತಾನಿನಲ್ಲಿರುವ ಔಷಧಗಳನ್ನು ಮತ್ತೆ ಪರೀಕ್ಷಿಸಿ, ಗುಣ ಉಳಿದಿದ್ದರೆ ಅವಧಿ ವಿಸ್ತರಿಸುವ ವ್ಯವಸ್ಥೆ ಇದೆ. ಅದೇ ದೇಶದಲ್ಲಿ 2009ರ ಎಚ್1ಎನ್1 ಸಮಯದಲ್ಲಿ ಖರ್ಚಾದ ಎನ್95 ಮಾಸ್ಕುಗಳನ್ನು ಸರಿಯಾಗಿ ತುಂಬಿಸದೆ 2020ರಲ್ಲಿ ಆಸ್ಪತ್ರೆಗಳು ಪರದಾಡಿದವು. ಎಷ್ಟೇ ಶ್ರೀಮಂತ ದೇಶವಾದರೂ, ಖಾಲಿಯಾದ ಸಾಲನ್ನು ತುಂಬುವ ದುಡ್ಡು ತುರ್ತು ಮುಗಿದ ತಕ್ಷಣವೇ ಮಂಜೂರಾಗಬೇಕು; ವರ್ಷ ಕಳೆದರೆ ಆ ಫೈಲನ್ನು ಯಾರೂ ಕೇಳುವುದಿಲ್ಲ.

ಆಡಿಟ್‌ನವರಿಗೂ ಇದನ್ನೇ ವಿವರಿಸುತ್ತೇನೆ. ಅವಧಿ ಮುಗಿದರೆ ಯಾಕೆ ಹೆಚ್ಚು ತರಿಸಿದಿರಿ ಎಂಬ ಆಕ್ಷೇಪ, ಇಲ್ಲವಾದರೆ ಯಾಕೆ ತರಿಸಲಿಲ್ಲ ಎಂಬ ಆಕ್ಷೇಪ. ಕೆಂಪು ಸಂಖ್ಯೆ ಎಲ್ಲಿಂದ ಬಂತು ಎಂಬುದಕ್ಕೆ ಹಿಂದಿನ ವರ್ಷಗಳ ಬಳಕೆಯ ಪಟ್ಟಿ ಬಿನ್ ಕಾರ್ಡಿನ ಜೊತೆಗೇ ಇದ್ದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಮೇ ತಿಂಗಳ ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಎರಡು ವಿಷಯ ಕೇಳುತ್ತೇನೆ: ಮಳೆಗೆ ದಾರಿ ಕಡಿದುಹೋಗುವ ಪಿಎಚ್‌ಸಿಗಳು ಯಾವುವು, ಅಲ್ಲಿ ಕರೆಂಟು ಹೋದರೆ ಲಸಿಕೆ ಇಡುವ ಫ್ರಿಜ್ (ಐಎಲ್‌ಆರ್) 2ರಿಂದ 8 ಡಿಗ್ರಿಯಲ್ಲಿ ಎಷ್ಟು ಹೊತ್ತು ತಾಳುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕೊಡಗಿನ ಕಡೆ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ಕಂಡವರು ಈ ಪ್ರಶ್ನೆಗೆ ಬೇಗ ಉತ್ತರ ಕೊಡುತ್ತಾರೆ. ಉತ್ತರ ಬಂದ ಮೇಲೆ ಲಾರಿ ಲೋಡ್ ಮಾಡಿಸುತ್ತೇನೆ, ತೀರಾ ದೂರದ ಪಿಎಚ್‌ಸಿಗೆ ಮೊದಲು.