ಶಿರಾಡಿಯ ಇಳಿಜಾರಿನಲ್ಲಿ ನಡುಗಿದ ಸ್ಟೇರಿಂಗ್

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯತೊಡಗಿದರೆ ಗುಂಡ್ಯದವರೆಗೆ ಬ್ರೇಕಿಗೆ ಬಿಡುವಿಲ್ಲ. ಕಳೆದ ವರ್ಷ ಅಲ್ಲಿಯೇ ನನ್ನ ಹಳೆಯ ಐ20 ಕಾರಿನ ಸ್ಟೇರಿಂಗ್, ಬ್ರೇಕ್ ಒತ್ತಿದಾಗಲೆಲ್ಲ ನಡುಗತೊಡಗಿತು. ಮುಂದಿನ ಚಕ್ರಗಳೊಂದಿಗೆ ತಿರುಗುವ ಡಿಸ್ಕ್, ಬ್ರೇಕ್ ಒತ್ತಿದಾಗ ಅದನ್ನು ಅದುಮಿ ಹಿಡಿಯುವ ಪ್ಯಾಡ್ ಎರಡನ್ನೂ ಹೊಸದಾಗಿ ಹಾಕಿಸಿ ಆರು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ. ‘ಡಿಸ್ಕ್ ಬೆಂಡ್ ಆಗಿದೆ ಸರ್, ಘಾಟಿಯಲ್ಲಿ ಓಡಿಸಿದರೆ ಹಾಗೆಯೇ’ ಎಂದರು ಗ್ಯಾರೇಜಿನವರು. ಹಾಗಾದರೆ ದಿನವೂ ಘಾಟಿ ಇಳಿಯುವ ಟ್ಯಾಕ್ಸಿಯವರ ಗತಿಯೇನು?

ಈ ಸಲ ನಾನೇ ಬಿಚ್ಚಿದೆ. ಡಿಸ್ಕನ್ನು ಹಿಡಿದಿರುವ ಎರಡು ಪುಟ್ಟ ಸ್ಕ್ರೂಗಳೇ ಅರ್ಧ ದಿನ ತಿಂದವು. ಕೊನೆಗೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ತರಬೇಕಾಯಿತು. ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಿಂದ ಎಂಟು ಕಡೆ ಅಳೆದೆ. ವರ್ನಿಯರ್ ಮಾಪಕವಾದರೆ ಸವೆಯದ ಅಂಚಿಗೆ ತಾಗಿ ಸುಳ್ಳು ಹೇಳುತ್ತದೆ. ಹೊಸದರ ದಪ್ಪ 22 ಮಿ.ಮೀ., ಕನಿಷ್ಠ ಮಿತಿ 20. ನನ್ನದು ಸುಮಾರು 21.6 ಇತ್ತು, ಆದರೆ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಡಿಸ್ಕ್ ಬಾಗಿರಲಿಲ್ಲ, ಅಲ್ಲಲ್ಲಿ ಹೆಚ್ಚು ಸವೆದಿತ್ತು. ಕಾರಣ ಹಿಂದೆಯೇ ಕುಳಿತಿತ್ತು: ಡಿಸ್ಕ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್ ಮೇಲೆ ಪದರುಗಟ್ಟಿದ ತುಕ್ಕು. ಅದನ್ನು ಉಜ್ಜದೆಯೇ ಹೊಸ ಡಿಸ್ಕ್ ಕೂರಿಸಿದ್ದರು. ಕೂದಲೆಳೆಯಷ್ಟು ವಾಲಿದ ಡಿಸ್ಕ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪ್ಯಾಡನ್ನು ಸವರುತ್ತ ತಿಂಗಳುಗಟ್ಟಲೆ ಸವೆದಿತ್ತು. ನಡುಕ ತಡವಾಗಿ ಬಂದದ್ದು ಅದಕ್ಕೇ.

ಲೇತಿಗೆ ಕೊಟ್ಟು ಮಟ್ಟ ಮಾಡಿಸಬಹುದಿತ್ತು, ಮಿತಿಯೊಳಗೇ ಇರುತ್ತಿತ್ತು. ಆದರೆ ತೆಳುವಾದಷ್ಟೂ ಡಿಸ್ಕ್ ಬೇಗ ಕಾಯುತ್ತದೆ, ನನ್ನ ದಾರಿಯೋ ಘಾಟಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಜೋಡಿಯನ್ನೇ ಕೊಂಡೆ. ತೂತು ಕೊರೆದ ಡಿಸ್ಕ್ ತೋರಿಸಿ ಅಂಗಡಿಯವರು ಆಸೆ ಹುಟ್ಟಿಸಿದರು. ತೂತಿನ ಅಂಚಿನಿಂದಲೇ ಬಿರುಕು ಶುರುವಾಗುವುದನ್ನು ನೋಡಿದ್ದೆ, ಬೇಡವೆಂದೆ. ಮನೆಯ ಕಾರಿಗೆ ಸಾದಾ ಡಿಸ್ಕೇ ಸಾಕು.

ಪ್ಯಾಡಿನಲ್ಲಿ ಹೆಚ್ಚು ಹೊತ್ತು ತೂಗಿದೆ. ಸೆರಾಮಿಕ್ ಪ್ಯಾಡ್ ಸದ್ದು ಮಾಡುವುದಿಲ್ಲ, ಚಕ್ರಕ್ಕೆ ಕಪ್ಪು ಪುಡಿ ಮೆತ್ತುವುದೂ ಕಡಿಮೆ. ಲೋಹದ ಚೂರು ಬೆರೆತ ಸೆಮಿ ಮೆಟಾಲಿಕ್ ಸ್ವಲ್ಪ ಗಲಾಟೆಯದು, ಆದರೆ ಬಿಸಿಗೆ ಜಗ್ಗುವುದಿಲ್ಲ. ಕೆಲವು ಪ್ಯಾಡುಗಳ ಬದಿಯಲ್ಲಿ ಎಫ್‌ಎಫ್, ಜಿಜಿ ಎಂಬಂತೆ ಎರಡಕ್ಷರ ಅಚ್ಚಾಗಿರುತ್ತದೆ: ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಕಾದಾಗಿನದು. ಎಫ್ ಎಂದರೆ ಘರ್ಷಣೆಯ ಗುಣಾಂಕ 0.35ರಿಂದ 0.45. ಎರಡನೆಯ ಅಕ್ಷರ ಎಫ್‌ಇ ಎಂಬಂತೆ ಇಳಿದಿದ್ದರೆ ಕಾದಾಗ ಹಿಡಿತ ತಗ್ಗುತ್ತದೆ, ಅಂಥ ಪ್ಯಾಡ್ ಘಾಟಿಗೆ ಆಗದು. ಎಫ್‌ಎಫ್ ಗುರುತಿನ ಸೆಮಿ ಮೆಟಾಲಿಕ್ ಆರಿಸಿದೆ. ರೇಸಿನ ಪ್ಯಾಡ್ ಬಗ್ಗೆ ಯೋಚಿಸಲೇ ಇಲ್ಲ. ಅದು ಕಾಯುವವರೆಗೆ ಕಚ್ಚುವುದೇ ಇಲ್ಲ, ತರಕಾರಿ ತರಲು ಹೋಗುವ ಕಾರಿಗೆ ಅದೇಕೆ?

ಹಬ್ ಲೋಹ ಹೊಳೆಯುವವರೆಗೆ ವೈರ್ ಬ್ರಷ್‌ನಿಂದ ಉಜ್ಜಿದೆ. ಡಿಸ್ಕಿಗೆ ಸವರಿದ್ದ ತುಕ್ಕು ತಡೆಯುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೆಗೆದೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿದೆ. ಗಾಡಿ ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿದೆ. ಮರೆತರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಮರುದಿನ ನಸುಕಿನಲ್ಲಿ ಖಾಲಿ ರಸ್ತೆ ಹುಡುಕಿ, ಅರವತ್ತರ ವೇಗದಿಂದ ಇಪ್ಪತ್ತಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಇಳಿಸಿದೆ. ಸುಟ್ಟ ವಾಸನೆಗೆ ಪಕ್ಕದಲ್ಲಿದ್ದ ಮಗಳು ಗಾಬರಿಯಾದಳು. ಅದಾಗಿ ಒಂಬತ್ತು ಸಾವಿರ ಕಿಲೋಮೀಟರ್ ಕಳೆದಿದೆ. ಮಳೆಗಾಲದ ಮುಂಜಾನೆ ಮೊದಲ ಬ್ರೇಕಿಗೆ ತುಸು ಕಿರುಗುಟ್ಟುತ್ತದೆ, ಅಷ್ಟೇ. ಸ್ಟೇರಿಂಗ್ ನಡುಗಿಲ್ಲ.